ಮಡಿಕೇರಿಯಲ್ಲಿ ಕಾವೇರಿ ಎಲ್ಲಿ?

ಮೈಸೂರು, ಬೆಂಗಳೂರು ಕಡೆಯಿಂದ ನೆಂಟರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬರುತ್ತಾರೆ, ಮಂಜು ನೋಡುತ್ತಾರೆ, ಆಮೇಲೆ ಕೇಳುತ್ತಾರೆ: "ಅಲ್ಲಾ, ಇಲ್ಲಿ ಕಾವೇರಿ ಎಲ್ಲಿ ಹರಿಯುತ್ತೆ?" ಕೊಡಗು ಅಂದರೆ ಕಾವೇರಿ, ಕೊಡಗಿನ ದೊಡ್ಡ ಊರು ಮಡಿಕೇರಿ. ಹಾಗಿದ್ದ ಮೇಲೆ ಊರಿನ ನಡುವೆ ಹೊಳೆ ಇರಲೇಬೇಕು ಅನ್ನೋದು ಅವರ ಲೆಕ್ಕ.

ಮಡಿಕೇರಿ ಪೇಟೆಯಲ್ಲಿ ಕಾವೇರಿ ಇಲ್ಲ. ಕಾವೇರಿ ಮಾತ್ರ ಅಲ್ಲ, ಹೊಳೆ ಅಂತ ಕರೆಯುವಂಥದ್ದು ಯಾವುದೂ ಊರ ನಡುವೆ ಇಲ್ಲ. ಕಾವೇರಿ ದಕ್ಷಿಣದಲ್ಲಿ, ಭಾಗಮಂಡಲದಿಂದ ಹೊರಟು ಬೇತ್ರಿ, ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರಕ್ಕೆ ಹೋಗುತ್ತದೆ. ಮಡಿಕೇರಿ ಅದರಿಂದ ದೂರ, ಗುಡ್ಡದ ಬೆನ್ನಿನ ಮೇಲೆ, ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ ಕೂತಿದೆ. ಸಾಮಾನ್ಯವಾಗಿ ರಾಜರು ಹೊಳೆ ದಂಡೆ ನೋಡಿ ಊರು ಕಟ್ಟುತ್ತಾರೆ. ನಮ್ಮ ರಾಜರು ಹೊಳೆ ಬಿಟ್ಟು ಗುಡ್ಡ ಹತ್ತಿದರು. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಈ ನೆಲದ ಆಕಾರ ಗೊತ್ತಾಗಬೇಕು. ಆಕಾರ ಗೊತ್ತಾದರೆ ಮಳೆ, ಯುದ್ಧ, ಕಾಫಿ, ಈಚಿನ ವರ್ಷಗಳ ಭೂಕುಸಿತ ಎಲ್ಲವೂ ಒಂದೇ ಎಳೆಯಲ್ಲಿ ಬರುತ್ತವೆ.

ಒಂದು ಮಣೆ ತಗೊಳ್ಳಿ. ಅದರ ಪಶ್ಚಿಮದ ಅಂಚಿನ ಕೆಳಗೆ ಕಲ್ಲು ಕೊಟ್ಟು ಎತ್ತಿಡಿ. ಈಗ ಮೇಲಿನಿಂದ ನೀರು ಸುರಿಯಿರಿ. ಬಹುಪಾಲು ನೀರು ಮಣೆಯ ಉದ್ದಕ್ಕೂ ನಿಧಾನವಾಗಿ ಪೂರ್ವಕ್ಕೆ ಹರಿಯುತ್ತದೆ. ಅಂಚಿನಲ್ಲೇ ಬಿದ್ದ ಸ್ವಲ್ಪ ನೀರು ಮಾತ್ರ ಪಶ್ಚಿಮಕ್ಕೆ ಧೊಪ್ಪನೆ ಇಳಿಯುತ್ತದೆ. ದಕ್ಷಿಣ ಭಾರತ ಇರುವುದು ಹೆಚ್ಚುಕಡಿಮೆ ಹೀಗೇ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟು ಹೋಯಿತು. ಆ ಕಡೆಯ ಅಂಚು ಎತ್ತರಕ್ಕೇ ಉಳಿಯಿತು. ಅದನ್ನು ಮಳೆ ಕೊರೆಯುತ್ತಾ ಬಂದು ಈಗಿನ ಘಟ್ಟ ಆಯಿತು. ಕೊಡಗು ಇರುವುದು ಆ ಅಂಚಿನ ಮೇಲೆ.

ತಲಕಾವೇರಿಯಿಂದ ಅರಬ್ಬಿ ಸಮುದ್ರ ನೇರ ಅಳೆದರೆ ಸುಮಾರು 50 ಕಿಲೋಮೀಟರ್. ಆದರೂ ಅಲ್ಲಿ ಹುಟ್ಟುವ ಕಾವೇರಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ನಡೆದು ತಮಿಳುನಾಡಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಮಣೆ ವಾಲಿರುವುದೇ ಆ ಕಡೆಗೆ.

ಇನ್ನು ಮಡಿಕೇರಿಯಿಂದ ಮಂಗಳೂರು ರಸ್ತೆಯಲ್ಲಿ ಹೊರಡಿ. ಕಾಟಕೇರಿ, ಮದೆನಾಡು ದಾಟಿದ ಮೇಲೆ ರಸ್ತೆ ಒಮ್ಮೆಲೇ ಇಳಿಯತೊಡಗುತ್ತದೆ. ಜೋಡುಪಾಲ ಬರುವಷ್ಟರಲ್ಲಿ ಕಿವಿ ಗುಂಯ್ ಅನ್ನುತ್ತದೆ, ಸ್ವೆಟರ್ ಬಿಚ್ಚಬೇಕು ಅನ್ನಿಸುತ್ತದೆ. ಸಂಪಾಜೆ ತಲುಪುವಾಗ ನೀವು 900 ಮೀಟರಿಗೂ ಜಾಸ್ತಿ ಕೆಳಗೆ ಬಂದಿರುತ್ತೀರಿ, ಅದೂ 30 ಕಿಲೋಮೀಟರ್ ಒಳಗೆ. ಅಡಿಕೆ ತೋಟ ಶುರುವಾಗಿರುತ್ತದೆ, ಸೆಕೆ ಹತ್ತಿರುತ್ತದೆ. ಇಲ್ಲಿಯ ಕೊಲ್ಲಿಗಳ, ಅಂದರೆ ಸಣ್ಣ ತೊರೆಗಳ, ನೀರು ಕಾವೇರಿಗೆ ಹೋಗುವುದಿಲ್ಲ. ಅದು ಪಯಸ್ವಿನಿ ಸೇರಿ, ಸುಳ್ಯದ ಪಕ್ಕ ಹಾದು, ಕಾಸರಗೋಡಿನ ಹತ್ತಿರ ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಇತ್ತ ಮಡಿಕೇರಿಯ ಉತ್ತರಕ್ಕೆ ಬಿದ್ದ ಮಳೆ ಅಬ್ಬಿಯಲ್ಲಿ ಧುಮುಕಿ ಹಾರಂಗಿ ಹೊಳೆಯ ಕಡೆಗೆ, ದಕ್ಷಿಣಕ್ಕೆ ಬಿದ್ದದ್ದು ಮುತ್ತಾರುಮುಡಿ ಹೊಳೆಯಾಗಿ ಕಾವೇರಿ ಕಡೆಗೆ. ಒಂದೇ ಮೋಡ ಸುರಿಸಿದ ಮಳೆ. ಒಂದು ಹನಿಗೆ ನೂರು ಕಿಲೋಮೀಟರ್ ಆಸುಪಾಸಿನ ದಾರಿ, ಇನ್ನೊಂದಕ್ಕೆ ಅದರ ಏಳೆಂಟು ಪಟ್ಟು.

ಅಂದ ಹಾಗೆ, ಕೊಡವ ತಕ್ಕಿನಲ್ಲಿ 'ಅಬ್ಬಿ' ಅಂದರೇನೇ ಜಲಪಾತ. 'ಅಬ್ಬಿ ಜಲಪಾತ' ಅಂತ ಬೋರ್ಡಿನಲ್ಲಿ ಓದಿದಾಗಲೆಲ್ಲ ನನಗೆ ಅದು ಜಲಪಾತ ಜಲಪಾತ ಅಂತ ಎರಡು ಸಲ ಕೂಗಿದ ಹಾಗೆ ಕೇಳಿಸುತ್ತದೆ. ಜುಲೈಯಲ್ಲಿ ಅದರ ಎದುರು ನಿಂತರೆ ಹಾಗೆ ಕೂಗಿದರೂ ಸರಿಯೇ ಅನ್ನಿಸುತ್ತದೆ.

ಮಳೆಯ ವಿಷಯಕ್ಕೆ ಬರೋಣ. ಜೂನಿನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಗಾಳಿ ನೀರಾವಿಯನ್ನು ಹೊತ್ತು ತರುತ್ತದೆ. ಎದುರಿಗೆ ಘಟ್ಟದ ಗೋಡೆ. ಗಾಳಿ ಮೇಲೇರಲೇಬೇಕು. ಮೇಲೇರಿದ ಹಾಗೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟು ನೀರು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅನ್ನ ಬೇಯುವಾಗ ಮುಚ್ಚಳದ ಒಳಗೆ ಹನಿ ಕಟ್ಟುತ್ತದಲ್ಲ, ಹಾಗೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಚಿಗೆ ಇನ್ನೂ ಹತ್ತಿರ ಇರುವ ಭಾಗಮಂಡಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಗುಡ್ಡ ದಾಟಿದ ಗಾಳಿಯ ಬಳಿ ಸುರಿಸಲು ಅಷ್ಟೇನೂ ಉಳಿದಿರುವುದಿಲ್ಲ. ಹಾಗಾಗಿ ಪೂರ್ವಕ್ಕೆ ಬರೀ 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆ ಇಲ್ಲ. ಆಗಸ್ಟಿನಲ್ಲಿ ಇಲ್ಲಿ ಬಟ್ಟೆ ಒಣಗದೆ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿರುತ್ತೇವೆ. ಬಸ್ಸು ಹತ್ತಿ ಒಂದು ಗಂಟೆಯಲ್ಲಿ ಕುಶಾಲನಗರದಲ್ಲಿ ಇಳಿದರೆ ಅಲ್ಲಿ ಅಂಗಳದಲ್ಲಿ ಬಿಸಿಲು ಬಿದ್ದಿರುತ್ತದೆ.

ಇಷ್ಟು ಮಳೆ ಬೀಳುವ ಊರಿನಲ್ಲಿ ಏಪ್ರಿಲ್‌ಗೆ ನಲ್ಲಿ ನೀರಿಗೆ ಪರದಾಟ ಅಂದರೆ ಹೊರಗಿನವರು ನಂಬುವುದಿಲ್ಲ. ಕಾರಣ ಮತ್ತೆ ಆಕಾರವೇ. ಗುಡ್ಡದ ನೆತ್ತಿಗೆ ಬೇರೆ ಕಡೆಯಿಂದ ನೀರು ಹರಿದು ಬರಲು ಸಾಧ್ಯವಿಲ್ಲ. ಬಿದ್ದ ನೀರೂ ನಿಲ್ಲದೆ ಎಲ್ಲ ದಿಕ್ಕಿಗೂ ಇಳಿದು ಹೋಗುತ್ತದೆ. ಹಾಗಾಗಿ ಕೂಟುಹೊಳೆಯಂಥ ಕಡೆ ನೀರನ್ನು ತಡೆದು, ಪಂಪ್ ಹಾಕಿ ಮೇಲಕ್ಕೆ ಎತ್ತಿ ತರಬೇಕು. ಊರೆಲ್ಲ ಸೇರಿ ಕಾವೇರಿಗೆ ನೀರು ಕೊಡುತ್ತೇವೆ, ನಮಗೆ ಬೇಕಾದಾಗ ಕೆಳಗಿನಿಂದ ಎತ್ತುತ್ತೇವೆ.

ಹೀಗಿದ್ದೂ ಯಾಕೆ ಗುಡ್ಡ ಹತ್ತಿದರು?

ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು, ಇಕ್ಕೇರಿ ಮನೆತನದ ಕಡೆಯವರು ಅನ್ನುವುದು ರೂಢಿಯ ಮಾತು. ಅವರ ಮೊದಲ ನೆಲೆ ಹಾಲೇರಿ, ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಹೋಗುವಾಗ ಸಿಗುವ ಊರು. 1681ರಲ್ಲಿ ಮುದ್ದುರಾಜ ಅಲ್ಲಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಬಾಯಿಂದ ಬಾಯಿಗೆ ಸವೆದು ಮಡಿಕೇರಿ ಆಯಿತು ಅಂತ ಹಿರಿಯರು ಹೇಳುತ್ತಾರೆ. ಬ್ರಿಟಿಷರ ಬಾಯಲ್ಲಿ ಅದು ಮರ್ಕೆರಾ.

ಮುದ್ದುರಾಜ ಕಂಡದ್ದು ಏನು ಅಂತ ತಿಳಿಯಲು ಒಂದು ಸಂಜೆ ರಾಜಾಸೀಟಿಗೆ ಹೋಗಿ. ರಾಜರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ನೀವು ಸೂರ್ಯನನ್ನು ಬಿಟ್ಟು ಸ್ವಲ್ಪ ಕೆಳಗೆ ನೋಡಿ. ಕಣಿವೆಯಲ್ಲಿ ಗದ್ದೆಗಳು, ಅವುಗಳ ಸುತ್ತ ಕಾಡು, ಆಚೆಗೆ ಒಂದರ ಹಿಂದೆ ಒಂದು ನೀಲಿ ಬೆಟ್ಟದ ಸಾಲು, ನಡುವೆ ಮಂಗಳೂರಿಗೆ ಇಳಿಯುವ ದಾರಿ. ಕರಾವಳಿಯಿಂದ ಯಾರು ಹತ್ತಿ ಬಂದರೂ ಇಲ್ಲಿಂದ ಕಾಣುತ್ತದೆ. ಬೆನ್ನ ಹಿಂದೆ ಪಿರಿಯಾಪಟ್ಟಣದ ಮೂಲಕ ಮೈಸೂರಿಗೆ ಹೋಗುವ ದಾರಿ. ಸಮುದ್ರದ ಉಪ್ಪು ಮೇಲಕ್ಕೆ, ಘಟ್ಟದ ಏಲಕ್ಕಿ, ಮೆಣಸು ಕೆಳಕ್ಕೆ ಹೋಗಬೇಕಾದರೆ ಇಂಥ ಕೆಲವು ಘಾಟಿಗಳೇ ಗತಿ. ಆ ಬಾಗಿಲಲ್ಲಿ ಕೂತವನ ಕೈಯಲ್ಲಿ ಬೀಗದ ಕೈ.

ಕೊಡಗಿನವರು ಗುಡ್ಡವನ್ನೇ ನಂಬಿ ಸುಮ್ನೆ ಕೂತವರಲ್ಲ. ಕಾಫಿ ತೋಟದೊಳಗೆ ನಡೆಯುವಾಗ ಒಮ್ಮೊಮ್ಮೆ ಆಳೆತ್ತರಕ್ಕಿಂತ ಆಳವಾದ ಒಂದು ಕಂದಕ ಅಡ್ಡ ಬರುತ್ತದೆ. ಎರಡೂ ಬದಿ ಪಾಚಿ, ಒಳಗೆ ತರಗೆಲೆ, ಅಂಚಿನಲ್ಲಿ ದೊಡ್ಡ ಮರಗಳ ಬೇರು ಜೋತಿರುತ್ತದೆ. ಹೊಳೆ ಕೊರೆದದ್ದು ಅಂದುಕೊಳ್ಳಬೇಡಿ, ಅದು ನೀರು ಹರಿಯುವ ದಿಕ್ಕಿನಲ್ಲಿ ಹೋಗುವುದಿಲ್ಲ, ಗುಡ್ಡ ಹತ್ತಿ ಇಳಿಯುತ್ತದೆ. ಅದು ಕಡಂಗ. ನಾಡು ನಾಡುಗಳ ಗಡಿಗೆ, ಶತ್ರುವನ್ನು ತಡೆಯುವುದಕ್ಕೆ ಮನುಷ್ಯರು ಕೈಯಲ್ಲಿ ಅಗೆದದ್ದು. ಕೋಟೆ, ಅರಮನೆ ನೋಡಲು ಬರುವವರಿಗೆ ನಾನು ಕಡಂಗವನ್ನೂ ತೋರಿಸುತ್ತೇನೆ. ನನಗೆ ಅದನ್ನು ಕಂಡಾಗ ಆಗುವಷ್ಟು ಮೈ ಜುಮ್ ಕೋಟೆಯ ಮುಂದೆ ಆಗಿಲ್ಲ.

ಮುದ್ದುರಾಜನ ಕೋಟೆ ಮಣ್ಣಿನದು. 18ನೇ ಶತಮಾನದ ಕೊನೆಗೆ ಮೈಸೂರಿನ ಹೈದರ್, ಆಮೇಲೆ ಟಿಪ್ಪು ಕೊಡಗಿನ ಮೇಲೆ ಬಂದರು. ಟಿಪ್ಪು ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಅಂತ ಹೆಸರಿಟ್ಟ. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ಹಾಲೇರಿ ಮನೆತನದ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು, ಜನರನ್ನು ಕಟ್ಟಿ, ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡು ನಾಡನ್ನು ಮರಳಿ ಪಡೆದ. ಆ ದಿನಗಳ ಭಯ ಎಷ್ಟಿತ್ತು ಅನ್ನುವುದಕ್ಕೆ ಕಕ್ಕಬ್ಬೆ ಕಡೆಯ ನಾಲ್ಕುನಾಡು ಅರಮನೆ ಸಾಕ್ಷಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1,748 ಮೀಟರ್. ಅದರ ಬುಡದಲ್ಲಿ, ಕಾಡಿನ ಮರೆಯಲ್ಲಿ 1792ರ ಹೊತ್ತಿಗೆ ಕಟ್ಟಿದ ಮರದ ಕೆತ್ತನೆಯ ಮನೆ ಅದು. ವಿರಾಜಪೇಟೆಯೂ ಅದೇ ಕಾಲದ್ದು, ವೀರರಾಜೇಂದ್ರಪೇಟೆ ಅನ್ನುವುದು ಅದರ ಪೂರ್ತಿ ಹೆಸರು.

ಈಗ ಕೋಟೆಯೊಳಗೆ ಕಾಣುವ ಅರಮನೆ ಆಮೇಲಿನ ಅರಸ ಲಿಂಗರಾಜೇಂದ್ರನದು, 1812ರಿಂದ 1814ರ ನಡುವೆ ಕಟ್ಟಿದ್ದು. ಅಂಗಳದಲ್ಲಿ ಎರಡು ಗಾರೆಯ ಆನೆಗಳು ನಿಂತಿವೆ. ಊರಿನ ಮಕ್ಕಳಿಗೆಲ್ಲ ಅವುಗಳ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ ಇರುತ್ತದೆ. ಜಿಲ್ಲಾಧಿಕಾರಿ ಕಚೇರಿ ಬಹುಕಾಲ ಇದೇ ಅರಮನೆಯಲ್ಲಿತ್ತು. ಬ್ರಿಟಿಷರ ಕಾಲದ ಚರ್ಚು ಈಗ ವಸ್ತು ಸಂಗ್ರಹಾಲಯ.

ಕೋಟೆಗಿಂತ ಓಂಕಾರೇಶ್ವರ ದೇವಸ್ಥಾನದ ಹತ್ತಿರ ಹೆಚ್ಚು ಹೊತ್ತು ಕೂರಿ ಅಂತ ನಾನು ಹೇಳುತ್ತೇನೆ. 1820ರದು, ಅದೂ ಲಿಂಗರಾಜೇಂದ್ರನದೇ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ದೂರದಿಂದ ನೋಡಿದವರು ದರ್ಗಾ ಅಂದುಕೊಳ್ಳುತ್ತಾರೆ, ಒಳಗೆ ಶಿವಲಿಂಗ. ಎದುರಿಗೆ ಚೌಕಾಕಾರದ ಕೊಳ, ಕೊಳದ ನಡುವೆ ಮಂಟಪ, ಅದಕ್ಕೆ ಒಂದು ಸಣ್ಣ ಕಾಲುದಾರಿ. ಮೆಟ್ಟಿಲ ಮೇಲೆ ಕೂತರೆ ಮೀನುಗಳು ಗುಂಪಾಗಿ ಬರುತ್ತವೆ. ಮಂಜು ಇಳಿದಾಗ ಗುಮ್ಮಟ ಮೊದಲು ಮಾಯ, ಆಮೇಲೆ ಮಂಟಪ, ಕೊನೆಗೆ ಕಾಲ ಕೆಳಗಿನ ನೀರಷ್ಟೇ ಉಳಿಯುತ್ತದೆ. ಗದ್ದಿಗೆಯಲ್ಲಿರುವ ರಾಜರ ಸಮಾಧಿಗಳಿಗೂ ಇಂಥದ್ದೇ ಗುಮ್ಮಟ. ಲಿಂಗಾಯತ ಅರಸರು, ಗುಮ್ಮಟದ ಕಟ್ಟಡ, ಪಕ್ಕದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿದ ಬಿದ್ದಂಡ ಬೋಪಣ್ಣನ ಸಮಾಧಿ. ಎರಡು ದಿಕ್ಕಿನ ದಾರಿಗಳು ಕೂಡುವ ಊರಿನಲ್ಲಿ ಕಟ್ಟುವ ಕೈಗಳೂ ಎರಡೂ ಕಡೆಯಿಂದ ಬಂದವು ಅಂತ ನನಗೆ ಅನ್ನಿಸುತ್ತದೆ.

1834ರ ಏಪ್ರಿಲ್‌ನಲ್ಲಿ ನಡೆದದ್ದು ಈ ನೆಲದ ಆಕಾರವನ್ನು ಪಾಠದ ಹಾಗೆ ತೋರಿಸುತ್ತದೆ. ಕೊನೆಯ ಅರಸ ಚಿಕ್ಕ ವೀರರಾಜೇಂದ್ರನ ಮೇಲೆ ಬ್ರಿಟಿಷ್ ಪಡೆಗಳು ಹಲವು ದಿಕ್ಕಿನಿಂದ ಬಂದವು. ಪಶ್ಚಿಮದ ಕುಂಬಳೆ ಕಡೆಯಿಂದ ಕಡಿದಾದ ಘಾಟಿ ಹತ್ತಿ ಬಂದ ಪಡೆ ಪೆಟ್ಟು ತಿಂದು ಹಿಂದೆ ಸರಿಯಿತು. ಉತ್ತರದಿಂದ ಬಂದದ್ದಕ್ಕೂ ಅದೇ ಗತಿ. ಪೂರ್ವದಿಂದ, ನಿಧಾನ ಏರುವ ದಾರಿಯಲ್ಲಿ ಬಂದ ಪಡೆ ಮಾತ್ರ ಏಪ್ರಿಲ್ 6ರಂದು ಮಡಿಕೇರಿ ಕೋಟೆ ಹೊಕ್ಕಿತು. ಮೇ ತಿಂಗಳಲ್ಲಿ ಕೊಡಗು ಬ್ರಿಟಿಷರದ್ದಾಯಿತು. ರಾಜನನ್ನು ಕಾಶಿಗೆ ಕಳಿಸಿದರು. ಆತ 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್‌ಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ.

ಆಮೇಲೆ ಬ್ರಿಟಿಷರು ಒಂದು ಕೆಲಸ ಮಾಡಿದರು. ಅದುವರೆಗೆ ಕೊಡಗಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಿ ಅಂದರು. ಭೂಪಟದಲ್ಲಿ ಗೆರೆ ಎಳೆದವರಿಗೆ ಘಟ್ಟವೇ ಸಹಜ ಗಡಿ ಅನ್ನಿಸಿರಬಹುದು. ಆದರೆ ಜನರ ಬದುಕು ಪಯಸ್ವಿನಿಯ ನೀರಿನ ಹಾಗೆ ಮೇಲಿಂದ ಕೆಳಗೆ ಒಂದೇ ಆಗಿತ್ತು. ಇವತ್ತಿಗೂ ಅರೆಭಾಷೆ ಅನ್ನುವ ನುಡಿ ಮಡಿಕೇರಿಯಲ್ಲೂ ಕೇಳುತ್ತದೆ, ಸುಳ್ಯದಲ್ಲೂ ಕೇಳುತ್ತದೆ. 1837ರಲ್ಲಿ ಜನ ದಂಗೆ ಎದ್ದು ಸುಳ್ಯದಿಂದ ಮಂಗಳೂರಿನವರೆಗೆ ಹೋದರು. ಅದನ್ನು ಅಡಗಿಸಿದ ಮೇಲೆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಹತ್ತಿರ ಗಲ್ಲಿಗೇರಿಸಿದರು. ಅವರ ಪ್ರತಿಮೆ ಈಗ ಊರಿನಲ್ಲಿದೆ.

ಆಡಳಿತದ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟಿಷರ ಕೆಳಗೆ ಕೊಡಗು ಬೇರೆಯೇ ಪ್ರಾಂತ್ಯವಾಗಿ ಉಳಿಯಿತು. ಸ್ವಾತಂತ್ರ್ಯದ ಮೇಲೆ 'ಸಿ' ದರ್ಜೆಯ ರಾಜ್ಯವಾಯಿತು. 1952ರಲ್ಲಿ 24 ಜನರ ವಿಧಾನಸಭೆಗೆ ಚುನಾವಣೆ ನಡೆದು ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ ಆದರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ ಮಡಿಕೇರಿ ಒಂದು ಕಾಲಕ್ಕೆ ರಾಜ್ಯದ ರಾಜಧಾನಿ.

ನೆಲದ ಮೇಲೆ ದೊಡ್ಡ ಬದಲಾವಣೆ ತಂದದ್ದು ಕಾಫಿ. 1854ರಲ್ಲಿ ಫೌಲರ್ ಅನ್ನುವ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ಮಾಡಿದ ಮೇಲೆ ಅದು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿತು. ಈಗ ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊಡಗಿನದ್ದು. ಅದಕ್ಕೂ ಮೊದಲು ಇಲ್ಲಿಯ ಬದುಕು ಗದ್ದೆ ಮತ್ತು ಬಾಣೆಯ ಜೋಡಿ. ಕಣಿವೆಯ ತಳದಲ್ಲಿ ಗದ್ದೆ. ಅದರ ಮೇಲಿನ ಏರಿನಲ್ಲಿ ಬಾಣೆ, ಅಂದರೆ ಗದ್ದೆಗೆ ಅಂಟಿಕೊಂಡ ಕಾಡು. ಸೊಪ್ಪು, ಸೌದೆ, ದನ ಮೇಯಿಸುವುದು ಎಲ್ಲ ಅಲ್ಲಿಂದ. ಬಾಣೆಯ ಮರಗಳು ಮಳೆಯ ಹೊಡೆತ ತಡೆದು ನೀರನ್ನು ಮಣ್ಣಿಗೆ ಇಳಿಸುತ್ತಿದ್ದವು, ಗದ್ದೆಯ ಬದುಗಳು ಇಳಿದು ಬಂದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತಿದ್ದವು. ಬೇಸಿಗೆಯಲ್ಲೂ ಕೊಲ್ಲಿಯಲ್ಲಿ ನೀರು ಇರುತ್ತಿದ್ದದ್ದು ಹೀಗೆ. ಕಾಫಿ ಬಂದದ್ದು ಬಾಣೆಗೆ. ಮರದ ನೆರಳು ಉಳಿಸಿಕೊಂಡು ಬೆಳೆದ ಕಡೆ ಮಣ್ಣೂ ಉಳಿಯಿತು. ಈಗ ನನಗೆ ಹೆಚ್ಚು ಆತಂಕ ಆಗುವುದು ಪಾಳುಬಿದ್ದ ಗದ್ದೆ ಕಂಡಾಗ. ಮಣ್ಣು ತುಂಬಿ ಸಮ ಮಾಡಿ ಕಟ್ಟಡ ಎದ್ದ ಗದ್ದೆ ಕಂಡಾಗ ಇನ್ನೂ ಜಾಸ್ತಿ. ಅದು ಬರೀ ಅಕ್ಕಿ ಬೆಳೆಯುವ ಜಾಗ ಆಗಿರಲಿಲ್ಲ, ನೀರಿನ ಪಾತ್ರೆಯೂ ಆಗಿತ್ತು.

2018ರ ಆಗಸ್ಟ್ ಮರೆಯಲು ಆಗುವುದಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ. ಒಂದೊಂದೇ ಹೆಸರು ಫೋನಿನಲ್ಲಿ ಬರುತ್ತಿತ್ತು. ನಮ್ಮಲ್ಲಿ ರಸ್ತೆ ಬದಿಯ ಅಥವಾ ಮನೆ ಹಿಂದಿನ ಮಣ್ಣಿನ ಗೋಡೆಗೆ ಬರೆ ಅನ್ನುತ್ತೇವೆ. ಪ್ರತಿ ಮಳೆಗಾಲಕ್ಕೂ ಎಲ್ಲೋ ಒಂದು ಕಡೆ ಬರೆ ಜರಿಯುತ್ತದೆ, ಅದು ಹೊಸದಲ್ಲ. ಆ ವರ್ಷ ಜರಿದದ್ದು ಬರೆಯಲ್ಲ, ಗುಡ್ಡಗಳೇ. ಮನೆ, ತೋಟ, ರಸ್ತೆ ಹೊತ್ತುಕೊಂಡು ಇಳಿದವು. ಮಂಗಳೂರು ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು.

ಯಾಕೆ ಹಾಗಾಯಿತು? ನಮ್ಮ ಗುಡ್ಡದ ಮೇಲ್ಪದರ ಬಂಡೆಯಲ್ಲ, ಬಂಡೆ ಲಕ್ಷಾಂತರ ವರ್ಷ ನೆನೆದು ಪುಡಿಯಾದ ದಪ್ಪ ಮಣ್ಣು. ಒಣಗಿದ್ದಾಗ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಮಳೆ ಬಿಡದೆ ಸುರಿದರೆ ಕಣಗಳ ನಡುವಿನ ಜಾಗವೆಲ್ಲ ನೀರು ತುಂಬಿ, ಆ ನೀರೇ ಕಣಗಳನ್ನು ಒಂದರಿಂದ ಒಂದನ್ನು ದೂಡುತ್ತದೆ. ಮಣ್ಣು ಅಂಬಲಿಯಾಗುತ್ತದೆ. ಭಾರ ಹೆಚ್ಚಿದೆ, ಹಿಡಿತ ಹೋಗಿದೆ. ಅಂಥ ಏರಿನ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕತ್ತರಿಸಿದ್ದರೆ ಕಾಲು ಕಡಿದ ಹಾಗೆಯೇ. ಕೊಲ್ಲಿಯ ಹಳೆಯ ದಾರಿ ಮುಚ್ಚಿದ್ದರೆ ನೀರು ಮಣ್ಣಿನೊಳಗೇ ಬೇರೆ ದಾರಿ ಹುಡುಕುತ್ತದೆ. ಆ ವರ್ಷ ಮಳೆ ವಿಪರೀತ ಇತ್ತು, ಅದು ನಿಜ. ಆದರೆ ಒಂದೇ ಮಳೆಗೆ ಒಂದು ಏರು ನಿಂತು ಪಕ್ಕದ ಏರು ಜಾರಿದ್ದನ್ನು ಕಣ್ಣಾರೆ ಕಂಡ ಮೇಲೆ ಎಲ್ಲವನ್ನೂ ಮೋಡದ ಮೇಲೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಎರಡು ವರ್ಷದ ಮೇಲೆ, 2020ರ ಆಗಸ್ಟಿನಲ್ಲಿ, ತಲಕಾವೇರಿಯ ಬ್ರಹ್ಮಗಿರಿಯೂ ಜಾರಿತು. ಕಾವೇರಿಯ ಪೂಜೆ ಮಾಡುತ್ತಿದ್ದ ಕುಟುಂಬವೇ ಮಣ್ಣಿನಡಿ ಸಿಕ್ಕಿತು.

ಮಕ್ಕಂದೂರು, ಹಟ್ಟಿಹೊಳೆ ಕಡೆ ಜಾರಿದ ಮಣ್ಣು ಅಲ್ಲೇ ನಿಲ್ಲಲಿಲ್ಲ. ಹೊಳೆ ಸೇರಿ ಹಾರಂಗಿ ಜಲಾಶಯಕ್ಕೆ ಹೋಗಿ ಕೂತಿತು. ಘಟ್ಟದ ಅಂಚಿನಲ್ಲಿ ಆದದ್ದರ ಲೆಕ್ಕ ಕೆಳಗಿನ ಬಯಲಿನ ರೈತರಿಗೂ ಬರುತ್ತದೆ.

ಮಡಿಕೇರಿಗೆ ಬರುವುದಾದರೆ ದಸರಾಕ್ಕೆ ಬನ್ನಿ. ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗಗಳು ಹೊರಡುವುದು ಪಂಪಿನಕೆರೆಯ ನೀರಿನ ಹತ್ತಿರದಿಂದ. ವಿಜಯದಶಮಿಯ ರಾತ್ರಿ ದೇವಸ್ಥಾನಗಳ ಹತ್ತು ಮೆರವಣಿಗೆ ಮಂಟಪಗಳು ಬೆಳಗಿನವರೆಗೂ ಬೀದಿಯಲ್ಲಿ ಇರುತ್ತವೆ. ಅದರ ಆಸುಪಾಸಿನಲ್ಲೇ, ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ.

ವಾಪಸ್ ಹೋಗುವಾಗ ಕುಶಾಲನಗರದಿಂದ ಸೀದಾ ಸೇತುವೆ ದಾಟಿ ಮೈಸೂರಿಗೆ ಹೋಗಬೇಡಿ. ಎಡಕ್ಕೆ ತಿರುಗಿ ಸ್ವಲ್ಪ ಮುಂದೆ ಕೂಡಿಗೆಗೆ ಹೋಗಿ. ಅಬ್ಬಿಯಲ್ಲಿ ನಿಮ್ಮ ಮುಖಕ್ಕೆ ಹನಿ ಸಿಡಿಸಿದ ನೀರು ಹಾರಂಗಿಯಾಗಿ ಒಂದು ಕಡೆಯಿಂದ ಬರುತ್ತದೆ, ಭಾಗಮಂಡಲದಿಂದ ಹೊರಟದ್ದು ಇನ್ನೊಂದು ಕಡೆಯಿಂದ. ಮಳೆಗಾಲದಲ್ಲಿ ಎರಡರ ಬಣ್ಣ ಬೇರೆ ಇರುತ್ತದೆ. ಕೂಡಿದ ಮೇಲೂ ಸ್ವಲ್ಪ ದೂರ ಒಂದರ ಪಕ್ಕ ಒಂದು ಹರಿಯುತ್ತವೆ. ನೆಂಟರು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡುವುದು ಅಲ್ಲಿ ನಿಂತು: ಮಡಿಕೇರಿಯ ಕಾವೇರಿ ಇಲ್ಲಿದೆ, ಎಡಗಡೆಯಿಂದ ಬರುತ್ತಿರುವುದು ನೋಡಿ.